ಅನಾನಸಿನ ತಲೆಗೆ ಜುಟ್ಟು ಬಂದದ್ದು

ಲೋಕ ಇನ್ನೂ ಹಸಿಹಸಿಯಾಗಿತ್ತು, ಕಂದ. ಬೆಟ್ಟವನ್ನು ಮುಟ್ಟಿದರೆ ಬೆರಳಿನ ಗುರುತು ಉಳಿಯುತ್ತಿತ್ತು. ಹೊಳೆಗೆ ಯಾವ ಕಡೆ ಹರಿಯಬೇಕೆಂದು ಇನ್ನೂ ತಿಳಿದಿರಲಿಲ್ಲ. ಬೆಳಿಗ್ಗೆ ಹೀಗೆ ಹರಿದು ಸಂಜೆ ಹಾಗೆ ಹರಿಯುತ್ತಿತ್ತು. ನೆರಳುಗಳಿಗೂ ಯಾರ ಹಿಂದೆ ಹೋಗಬೇಕೆಂದು ಗೊತ್ತಿರಲಿಲ್ಲ. ಆನೆಯ ನೆರಳು ಅಳಿಲಿನ ಹಿಂದೆ ಓಡುತ್ತಿತ್ತು, ಅಳಿಲಿನ ನೆರಳು ಆನೆಯ ಕಾಲಡಿಯಲ್ಲಿ ನಿದ್ದೆ ಮಾಡುತ್ತಿತ್ತು.

ಆಗ ಎಲ್ಲರಿಗೂ ಎಲ್ಲರ ಮಾತು ತಿಳಿಯುತ್ತಿತ್ತು. ಮರ ಮಾತಾಡಿದರೆ ಮನುಷ್ಯರಿಗೆ ಕೇಳುತ್ತಿತ್ತು. ಮನುಷ್ಯರು ನಿಟ್ಟುಸಿರು ಬಿಟ್ಟರೆ ಹೊಳೆ "ಏನಾಯ್ತು?" ಅಂತ ಕೇಳುತ್ತಿತ್ತು.

ಒಂದು ದಿನ ಭೂಮಿತಾಯಿ ಗಿಡಮರಗಳಿಗೆಲ್ಲ ಬೀಜ ಹಂಚಲು ಕೂತಳು. ಮಡಿಲ ತುಂಬ ಬೀಜ ಕಟ್ಟಿಕೊಂಡಿದ್ದಳು. ಮಾವು ಬಂದು ಒಂದೇ ಒಂದು ದೊಡ್ಡ ವಾಟೆ ತಗೊಂಡಿತು. ಹಲಸು ಬಂದು ಬುಟ್ಟಿಗಟ್ಟಲೆ ತುಂಬಿಕೊಂಡಿತು. ದಾಳಿಂಬೆ ಬಂದು, ಹೊಳೆಯುವುದನ್ನೆಲ್ಲ ಆರಿಸಿಕೊಂಡಿತು. ಬಂದವರಿಗೆಲ್ಲ ಸಿಕ್ಕಿತು.

ಅನಾನಸಿನ ಮನೆತನದ ಅಕ್ಕ ತಂಗಿ ಇಬ್ಬರು ಮಾತ್ರ ಬರಲಿಲ್ಲ. ಅಕ್ಕ ಹೊಳೆಯ ಆಚೆ ದಡದ ಬಯಲಿನಲ್ಲಿದ್ದಳು. ತಂಗಿ ಈಚೆ ದಡದ ಗುಡ್ಡದಲ್ಲಿ, ಎರಡು ಬಂಡೆಗಳ ನಡುವೆ ಇದ್ದಳು. ತಂಗಿ ತೀರಾ ಪುಟ್ಟ ಗಿಡ. ಬೆಳಗಿನ ಇಬ್ಬನಿಯ ಹನಿಯೊಂದು ಅವಳ ಎಲೆಯ ಬುಡದಲ್ಲಿ ನಿಂತಿತ್ತು. ಆ ಹನಿಯೊಳಗೆ ಒಂದು ಮೋಡ ತೇಲುತ್ತಿತ್ತು. ಅದನ್ನೇ ನೋಡುತ್ತ ನೋಡುತ್ತ ಅವಳಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ.

ಅಕ್ಕ ತಂಗಿಗಾಗಿ ಕಾದಳು. ಇಬ್ಬರೂ ಭೂಮಿತಾಯಿಯ ಬಳಿ ಬರುವ ಹೊತ್ತಿಗೆ ಸಂಜೆಯಾಗಿತ್ತು. ಮಡಿಲು ಬರಿದಾಗಿತ್ತು.

"ಅಯ್ಯೋ, ಬೀಜ ಮುಗಿದೇ ಹೋಯ್ತಲ್ಲ ಮಕ್ಕಳೇ," ಅಂದಳು ಭೂಮಿತಾಯಿ. "ಕೊಟ್ಟಿದ್ದನ್ನ ವಾಪಸ್ ಕೇಳೋಕಾಗಲ್ಲ. ಸ್ವಲ್ಪ ಸಿಹಿ ಉಳಿದಿದೆ, ಸ್ವಲ್ಪ ಬಣ್ಣ ಉಳಿದಿದೆ. ನೋಡಿ, ಯಾರಿಗೆ ಯಾವುದು?"

ಅಕ್ಕ ಸಿಹಿ ತಗೊಂಡಳು. ತಂಗಿಗೆ ಬಣ್ಣ ಸಿಕ್ಕಿತು. ಅದು ಆವತ್ತಿನ ಸಂಜೆಯ ಕೆಂಪು, ಹೊತ್ತು ಮುಳುಗಿದ ಮೇಲೆ ಆಕಾಶದ ಅಂಚಿನಲ್ಲಿ ಉಳಿಯುತ್ತದಲ್ಲ, ಆ ಕೆಂಪು.

ಮುಂದೆ ಒಂದು ಕಾಲಕ್ಕೆ ತಂಗಿ ಹಣ್ಣು ಬಿಟ್ಟಳು. ಗಿಡದ ನಡುವಿನಿಂದ ಒಂದು ದಂಟು ಮೇಲೆದ್ದು, ಅದರ ತುದಿಯಲ್ಲಿ ಒಂದೇ ಒಂದು ಹಣ್ಣು ನಿಂತಿತು. ಮಗುವಿನ ಮುಷ್ಟಿಯಷ್ಟು ಪುಟ್ಟದು, ಕೆಂಪಗೆ ಎಷ್ಟು ಚೆಂದ! ಆದರೆ ಆಗ ಅದರ ತಲೆಯ ಮೇಲೆ ಏನೂ ಇರಲಿಲ್ಲ. ಬೋಳು ತಲೆ.

ಮೈನಾ ಹಕ್ಕಿ ಬಂದು ಒಂದು ಸಲ ಕುಕ್ಕಿ ನೋಡಿತು. "ಥೂ, ಬರೀ ನಾರು! ಇದನ್ನ ನೋಡಬಹುದು, ತಿನ್ನೋಕಾಗಲ್ಲ," ಅಂತ ಹಾರಿಹೋಯಿತು.

ಪುಟ್ಟ ಅನಾನಸಿಗೆ ಒಂದು ವಿಷಯ ಗೊತ್ತಿತ್ತು. ಅವಳ ಜಾತಿಯ ಗಿಡ ಹಣ್ಣು ಬಿಡುವುದು ಒಂದೇ ಸಲ. ಹಣ್ಣು ಮಾಗಿದ ಮೇಲೆ ಗಿಡ ಒಣಗುತ್ತದೆ. ಹಣ್ಣಿನೊಳಗೆ ಬೀಜವಿಲ್ಲ. ಅಂದರೆ ಅವಳ ನಂತರ ಅವಳ ಜಾಗದಲ್ಲಿ ಯಾರೂ ಇಲ್ಲ.

ಆ ಗುಡ್ಡದ ಕೆಳಗೆ ಒಂದು ಮಣ್ಣಿನ ಮನೆ. ಅದರಲ್ಲಿ ಸಿದ್ದವ್ವ ಅನ್ನುವ ಸೂಲಗಿತ್ತಿ ಇದ್ದಳು. ಲೋಕದ ಮೊದಮೊದಲ ಮಕ್ಕಳೆಲ್ಲ ಅವಳ ಕೈಯ ಮೇಲೇ ಹುಟ್ಟಿದ್ದು. ಅವಳಿಗೆ ಒಬ್ಬಳೇ ಮಗಳು, ದೇವೀರಿ. ಹೊಳೆಯಾಚೆಯ ಊರಿಗೆ ಮದುವೆಯಾಗಿ ಹೋಗಿದ್ದ ದೇವೀರಿ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಹೆಣ್ಣು ಮಗು ಹುಟ್ಟಿತು.

ಬಾಣಂತಿಯನ್ನು ಒಳಕೋಣೆಯಲ್ಲಿ ಮಲಗಿಸಿದರು. ತಲೆಗೆ ಬಟ್ಟೆ ಕಟ್ಟಿದರು. ಅಗ್ಗಿಷ್ಟಿಕೆಗೆ ಕೆಂಡ ಹಾಕಿದರು. ಗಾಳಿ ಸೋಕದ ಹಾಗೆ ಬಾಗಿಲು ಮುಚ್ಚಿದರು. ಬೆಳಕಿಗೆಂದು ಒಂದು ಪುಟ್ಟ ಕಿಟಕಿ, ಅದಕ್ಕೊಂದು ತೆಳ್ಳನೆಯ ಪರದೆ.

ದೇವೀರಿ ಮದುವೆಗೆ ಮುಂಚೆ ದಿನವಿಡೀ ಗುಡ್ಡದಲ್ಲೇ ಇರುತ್ತಿದ್ದ ಹುಡುಗಿ. ಹುಲ್ಲಿನ ಜೊತೆ ಮಾತಾಡುತ್ತಿದ್ದಳು, ಕಲ್ಲಿನ ಜೊತೆ ಜಗಳ ಆಡುತ್ತಿದ್ದಳು. ಈಗ ಗೋಡೆ ಕಡೆ ಮುಖ ಮಾಡಿ ಮಲಗಿದವಳು ಈಚೆ ತಿರುಗುತ್ತಿರಲಿಲ್ಲ. ಮಗು ಅತ್ತರೆ ಹಾಲು ಕೊಡುತ್ತಿದ್ದಳು, ಕಣ್ಣು ಮುಚ್ಚಿಕೊಂಡು ಕೊಡುತ್ತಿದ್ದಳು. ಹುಟ್ಟಿದಾಗಿನಿಂದ ಒಂದು ಸಲವೂ ಅದರ ಮುಖ ನೋಡಿರಲಿಲ್ಲ. ಮಗುವೂ ಅಷ್ಟೆ, ಎರಡು ಗುಟುಕು ಕುಡಿದು ಬಿಟ್ಟುಬಿಡುತ್ತಿತ್ತು. ದಿನದಿಂದ ದಿನಕ್ಕೆ ಸೊರಗುತ್ತಿತ್ತು.

ಸಿದ್ದವ್ವ ಎಷ್ಟೋ ಬಾಣಂತಿಯರನ್ನು ನೋಡಿದವಳು. ಆದರೂ ಇದಕ್ಕೆ ಏನು ಮದ್ದೆಂದು ಅವಳಿಗೆ ಹೊಳೆಯಲಿಲ್ಲ. ಮಗಳ ಬೆನ್ನು ಸವರುತ್ತ ಕೇಳಿದಳು: "ಏನು ಬೇಕು ಹೇಳವ್ವ. ನಿನಗೇನು ಬೇಕೋ ತಂದುಕೊಡ್ತೀನಿ."

ದೇವೀರಿ ಗೋಡೆಗೇ ಹೇಳಿದಳು: "ಹಸಿರು."

ಅಷ್ಟೆ. ಒಂದೇ ಮಾತು.

ಸಿದ್ದವ್ವ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದಳು. ಅಂಗಳದಲ್ಲಿ ಗಾಳಿ ಕಾದು ನಿಂತಿತ್ತು.

"ನಾನು ಒಳಗೆ ಹೋಗಲಾ?" ಅಂತು ಗಾಳಿ. "ದೇವೀರಿ ನನ್ನ ಗೆಳತಿ. ಗುಡ್ಡದ ವಾಸನೆಯನ್ನೆಲ್ಲ ಹೊತ್ತುಕೊಂಡು ಹೋಗ್ತೀನಿ."

"ನೀನು ಬೇಡಪ್ಪ," ಅಂದಳು ಸಿದ್ದವ್ವ. "ಹಸಿ ಬಾಣಂತಿ. ನೀನು ಸೋಕಿದರೆ ಶೀತವಾದೀತು."

ಗಾಳಿ ಮುಖ ಸಣ್ಣದು ಮಾಡಿಕೊಂಡು ಹೋಗಿ ಸೂರಿನ ಮೇಲೆ ಕೂತಿತು.

ಸಿದ್ದವ್ವ ಮಾವಿನ ಮರವನ್ನು ಕೇಳಿದಳು. "ಸೂರಿನ ಕೆಳಗಾ? ನನಗೆ ಆಕಾಶ ಬೇಕಮ್ಮ," ಅಂತು ಮಾವು. ಹಾಗಲ ಬಳ್ಳಿಯನ್ನು ಕೇಳಿದಳು. "ನಾನು ಓಡುತ್ತಾ ಇರಬೇಕು, ಒಂದು ಕಡೆ ನಿಲ್ಲೋಳಲ್ಲ," ಅಂತು ಬಳ್ಳಿ. ಗರಿಕೆ ಹುಲ್ಲನ್ನು ಕೇಳಿದಳು. "ಕರು ಬಂದು ಮೂಸದೇ ಇದ್ದರೆ ನಂಗೆ ಬೇಜಾರಾಗುತ್ತೆ," ಅಂತು ಗರಿಕೆ. ಅಲ್ಲಿಯವರೆಗೆ ಯಾವ ಗಿಡವೂ ಮನೆಯೊಳಗೆ ಹೋಗಿರಲಿಲ್ಲ. ಅದು ಕಂಡು ಕೇಳರಿಯದ ಮಾತು.

ಸಿದ್ದವ್ವ ಕಾಲೆಳೆಯುತ್ತ ಗುಡ್ಡದಿಂದ ಇಳಿದು ಬರುತ್ತಿದ್ದಳು. ಎರಡು ಬಂಡೆಗಳ ನಡುವಿನಿಂದ ಒಂದು ಸಣ್ಣ ದನಿ ಬಂತು.

"ನಾನು ಬರ್ತೀನಿ."

ಸಿದ್ದವ್ವ ಬಗ್ಗಿ ನೋಡಿದಳು. ಪುಟ್ಟ ಅನಾನಸು! "ನೀನಾ? ಮೊದಲೇ ಹಣ್ಣು ಹೊತ್ತು ನಿಂತಿದ್ದೀಯಲ್ಲೇ ತಾಯಿ. ನೀನು ಹೇಗೆ ಬರ್ತೀಯೆ?"

"ನನಗೇನು ಹೆಚ್ಚು ಬೇಡಮ್ಮ," ಅಂದಳು ಅನಾನಸು. "ಒಂದು ಹಿಡಿ ಮರಳುಮಣ್ಣು, ಒಂದು ಕಿಟಕಿ, ನೆನಪಾದಾಗ ಒಂದು ಗುಟುಕು ನೀರು. ಈ ಹಣ್ಣು ಮಾಗಿದ ಮೇಲೆ ನಾನಂತೂ ಇರೋಳಲ್ಲ. ಇರೋಷ್ಟು ದಿನ ನನ್ನನ್ನ ನೋಡೋಳ ಹತ್ತಿರ ಇರ್ತೀನಿ."

ಸಿದ್ದವ್ವ ಬೇರಿಗೆ ನೋವಾಗದ ಹಾಗೆ ಅವಳನ್ನು ಬಿಡಿಸಿ, ಬಾಯಿ ಒಡೆದ ಒಂದು ಮಡಕೆಯಲ್ಲಿ ನೆಟ್ಟು, ಒಳಕೋಣೆಯ ಕಿಟಕಿಯ ಕೆಳಗೆ ಇಟ್ಟಳು. ಲೋಕದಲ್ಲಿ ಮೊದಲ ಸಲ ಒಂದು ಗಿಡ ಸೂರಿನ ಕೆಳಗೆ ನಿಂತಿತು.

ಬಿಸಿಲು ಪರದೆಯ ಸಂದಿಯಿಂದ ತುದಿಗಾಲಲ್ಲಿ ಒಳಗೆ ಬಂತು. ಎಲೆಗಳನ್ನು ಮುಟ್ಟಿತು. ಎಲೆಗಳ ನೆರಳು ಗೋಡೆಯ ಮೇಲೆ, ದೇವೀರಿಯ ಕಣ್ಣೆದುರಿಗೇ ಬಿತ್ತು. ನೆರಳು ಅಲ್ಲಾಡಿತು. ದೇವೀರಿ ಅದನ್ನು ನೋಡಿದಳು. ನೆರಳು ಎಲ್ಲಿಂದ ಬಂತು ಅಂತ ತಿಳಿಯಲು ಮೆಲ್ಲಗೆ ಈಚೆಗೆ ತಿರುಗಿದಳು.

"ಯಾರು ನೀನು?"

"ಗುಡ್ಡದವಳು. ಬಂಡೆ ನಡುವೆ ಇದ್ದವಳು. ನೀನು ಒಂದು ಸಲ ನನ್ನನ್ನ ಹಾರಿಕೊಂಡು ಓಡಿದ್ದೆ."

ದೇವೀರಿಯ ತುಟಿಯ ಮೂಲೆ ಸ್ವಲ್ಪ ಅಲುಗಿತು.

ಆಮೇಲೆ ಪ್ರತಿ ಮಧ್ಯಾಹ್ನವೂ ಅವರಿಬ್ಬರೂ ಮಾತಾಡುತ್ತಿದ್ದರು. ಸಿದ್ದವ್ವ ಬಟ್ಟೆ ಒಗೆಯಲು ಹೊಳೆಗೆ ಹೋಗಿರುತ್ತಿದ್ದಳು. ಮಗು ನಿದ್ದೆಯಲ್ಲಿರುತ್ತಿತ್ತು. ಸಾಂಬ್ರಾಣಿ ಹೊಗೆ ಕೋಣೆಯಲ್ಲಿ ನಿಧಾನವಾಗಿ ಈಜುತ್ತಿತ್ತು. ಬಿಸಿಲು ನೆಲದ ಮೇಲೆ ಮಲಗಿ ತೂಕಡಿಸುತ್ತಿತ್ತು. ಆ ಹೊತ್ತಿನಲ್ಲಿ ಎಲ್ಲವೂ ಕನಸಿನ ಹಾಗೆ. ಯಾರು ಮಾತಾಡಿದರು, ಯಾರು ಕೇಳಿದರು ಅನ್ನುವುದೇ ಮರೆತುಹೋಗುವ ಹಾಗೆ.

"ಎಲ್ಲರೂ ಮಗೂನ ನೋಡು ಅಂತಾರೆ," ಅಂದಳು ಒಂದು ಮಧ್ಯಾಹ್ನ ದೇವೀರಿ. "ನಂಗೆ ಭಯ ಆಗುತ್ತೆ. ಇಷ್ಟು ಪುಟ್ಟದು. ನನ್ನನ್ನೇ ನಂಬಿಕೊಂಡು ಬಂದಿದೆ. ನನ್ನ ಕೈಲಿ ಆಗದೇ ಹೋದರೆ?"

"ನನಗೂ ಭಯಾನೇ," ಅಂದಳು ಅನಾನಸು.

"ನಿನಗ್ಯಾಕೆ ಭಯ?"

"ನನ್ನ ಹಣ್ಣಿನೊಳಗೆ ಬೀಜ ಇಲ್ಲ, ದೇವೀರಿ. ಬರೀ ಬಣ್ಣ. ಇದು ಮಾಗುತ್ತೆ, ಬಾಡುತ್ತೆ. ನಾನೂ ಒಣಗ್ತೀನಿ. ಆಮೇಲೆ ನಾವಿಬ್ಬರೂ ಇದ್ದೆವು ಅನ್ನೋದಕ್ಕೆ ಏನೂ ಉಳಿಯಲ್ಲ."

ದೇವೀರಿಯ ಕಣ್ಣು ತುಂಬಿ ಬಂತು. ಹೆರಿಗೆಯಾದಾಗಿನಿಂದ ಅವಳು ಅತ್ತಿರಲೇ ಇಲ್ಲ. ಆವತ್ತು ಅತ್ತಳು. ಮಳೆ ಸುರಿದು ನಿಂತ ಹಾಗೆ ಅತ್ತು ಮುಗಿಸಿದಳು.

ಮರುದಿನ ನೋಡಿದರೆ ಅನಾನಸಿನ ಕೆಳಗಿನ ಎಲೆಯ ತುದಿ ಕಂದು ಬಣ್ಣಕ್ಕೆ ತಿರುಗಿತ್ತು. ದೇವೀರಿ ತಡೆಯಲಾರದೆ ಎದ್ದು ಕೂತಳು, ಗೋಡೆ ಹಿಡಿದು ನಿಂತಳು, ಲೋಟದಲ್ಲಿ ನೀರು ತಂದು ಎಲೆಗಳ ನಡುವೆ ಹನಿಸಿದಳು. ಅಷ್ಟರಲ್ಲಿ ಮಗು ಅತ್ತಿತು. ಹೇಗೂ ಎದ್ದಿದ್ದಳಲ್ಲ, ಇನ್ನೊಂದು ಕೈಯಲ್ಲಿ ಮಗುವನ್ನು ಎತ್ತಿಕೊಂಡಳು. ಬೆಳಕಿನ ಕಡೆ ತಿರುಗಿದಳು.

ಮಗುವಿನ ತಲೆ ತುಂಬ ಕಪ್ಪು ಕೂದಲು. ನಡುನೆತ್ತಿಯಲ್ಲಿ ಒಂದಿಷ್ಟು ಕೂದಲು ಮಾತ್ರ, ಅಜ್ಜಿ ಎಷ್ಟು ಎಣ್ಣೆ ಹಚ್ಚಿದರೂ ಬಗ್ಗದೆ, ನೆಟ್ಟಗೆ ನಿಂತಿತ್ತು.

ದೇವೀರಿ ನಕ್ಕಳು. "ಅಯ್ಯೋ, ನೋಡೇ ಇದರ ಜುಟ್ಟು!" ಅಂತ ಮಗುವನ್ನು ಅನಾನಸಿಗೆ ತೋರಿಸಿದಳು. ಆಮೇಲೆ ಮಗುವಿನ ಮುಖ ನೋಡಿದಳು. ನೋಡಿದಳು, ನೋಡುತ್ತಲೇ ಇದ್ದಳು. ಆವತ್ತು ಮಗು ಹೊಟ್ಟೆ ತುಂಬ ಹಾಲು ಕುಡಿಯಿತು.

"ಚೆಂದ ಇದೆ ನಿನ್ನ ಮಗಳ ಜುಟ್ಟು," ಅಂದಳು ಅನಾನಸು ಮೆಲ್ಲಗೆ. "ನನ್ನ ಮಗಳದ್ದು ಬೋಳು ತಲೆ."

ಆ ಮಾತು ದೇವೀರಿಗೆ ಚುಚ್ಚಿತು. ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡು, ನೆಲಕ್ಕೆ ಅಂಗೈ ಒತ್ತಿದಳು. ಬಾಣಂತಿ ಕೋಣೆಗೆ ಗಾಳಿ ಬರುವ ಹಾಗಿಲ್ಲ, ಹೊಳೆ ಬರುವ ಹಾಗಿಲ್ಲ. ಆದರೆ ಭೂಮಿತಾಯಿಯನ್ನು ಯಾರು ತಡೆಯುತ್ತಾರೆ? ಎಲ್ಲ ಮನೆಯ ನೆಲವೂ ಅವಳೇ.

"ಭೂಮಿತಾಯಿ," ಅಂದಳು ದೇವೀರಿ, "ಈ ಪುಟ್ಟ ಗಿಡಕ್ಕೆ ಒಂದೇ ಒಂದು ಬೀಜ ಕೊಡೇ."

ಸಾರಿಸಿದ ನೆಲ ಬೆಚ್ಚಗಾಯಿತು. ಕೆಳಗಿನಿಂದ ದನಿ ಬಂತು. "ಬೀಜ ನನ್ನ ಹತ್ತಿರ ಇಲ್ಲ ಮಗಳೇ. ಆದರೆ ತಾಯಿ ತನ್ನ ಹತ್ತಿರ ಇರೋದನ್ನ ಮಗಳಿಗೆ ಕೊಡಬಹುದು. ಅದಕ್ಕೆ ಯಾರ ಅಪ್ಪಣೆಯೂ ಬೇಡ."

"ನನ್ನ ಹತ್ತಿರ ಏನಿದೆ?" ಅಂದಳು ಅನಾನಸು. "ಎಲೆ ಬಿಟ್ಟರೆ ಬೇರೇನಿಲ್ಲ."

"ಎಲೆ ಇದೆಯಲ್ಲ," ಅಂದಳು ಭೂಮಿತಾಯಿ.

ಪುಟ್ಟ ಅನಾನಸು ತನ್ನ ಅತಿ ಉದ್ದದ ಎಲೆಯನ್ನು ಬಾಗಿಸಿ, ಹೆಣ್ಣುಮಕ್ಕಳನ್ನು ಬೀಳ್ಕೊಡುವಾಗ ತಲೆ ಸವರುತ್ತಾರಲ್ಲ, ಹಾಗೆ ಹಣ್ಣಿನ ಬೋಳು ತಲೆಯನ್ನು ಸವರಿದಳು.

ಕೆಳಗೆ ಒಂದು ಎಲೆ ಒಣಗಿತು. ಮೇಲೆ, ಹಣ್ಣಿನ ನೆತ್ತಿಯಲ್ಲಿ, ಒಂದು ಪುಟ್ಟ ಎಲೆ ಹುಟ್ಟಿತು.

ಕೆಳಗೆ ಇನ್ನೊಂದು ಎಲೆ ಒಣಗಿತು. ಮೇಲೆ ಇನ್ನೊಂದು ಎಲೆ ಹುಟ್ಟಿತು.

ಬೆಳಗಾದಂತೆ, ಸಂಜೆಯಾದಂತೆ, ಮತ್ತೆ ಬೆಳಗಾದಂತೆ, ಕೆಳಗೆ ಒಣಗುತ್ತ ಹೋಯಿತು, ಮೇಲೆ ಹುಟ್ಟುತ್ತ ಹೋಯಿತು. ದೇವೀರಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲೇ ಕೂತಿದ್ದಳು. ಕಡೆಗೆ ಹಣ್ಣಿನ ತಲೆಯ ಮೇಲೆ ಹಸಿರು ಜುಟ್ಟೊಂದು ನೆಟ್ಟಗೆ ನಿಂತಿತು. ಗಿಡದಲ್ಲಿ ಒಂದೇ ಒಂದು ಹಸಿರೆಲೆ ಉಳಿದಿತ್ತು.

"ದೇವೀರಿ," ಅಂದಳು ಅನಾನಸು, ಕೇಳಿಸಿದರೂ ಕೇಳಿಸದ ಹಾಗೆ. "ಇದು ಬರೀ ಜುಟ್ಟಲ್ಲ. ಇದು ನನ್ನ ಮೊಮ್ಮಗಳು. ಇದನ್ನ ಮಣ್ಣಿಗೆ ಸೇರಿಸೋದು ನಿನ್ನ ಕೈಲಿದೆ."

"ನನ್ನ ಕೈಲಿ ಆಗುತ್ತಾ?"

ಅಷ್ಟರಲ್ಲಿ ಕೊನೆಯ ಎಲೆಯೂ ಒಣಗಿತ್ತು.

ಹಣ್ಣು ಇನ್ನೂ ಸ್ವಲ್ಪ ದಿನ ಕೆಂಪಗಿತ್ತು. ಆಮೇಲೆ ಮೆತ್ತಗಾಗತೊಡಗಿತು. ಜುಟ್ಟನ್ನು ಬಿಡಿಸಬೇಕಾದ ಹೊತ್ತು ಬಂತು. ದೇವೀರಿ ಒಂದು ಕೈಯಲ್ಲಿ ಹಣ್ಣು ಹಿಡಿದಳು, ಇನ್ನೊಂದು ಕೈಯಲ್ಲಿ ಜುಟ್ಟು ಹಿಡಿದಳು, ಹಾಗೇ ಕೂತುಬಿಟ್ಟಳು.

"ನೋವಾಗುತ್ತೇನೋ ಅವ್ವ."

ಸಿದ್ದವ್ವ ಪಕ್ಕದಲ್ಲಿ ಕೂತಳು. "ನಿನ್ನ ಮಗಳ ಹೊಕ್ಕಳುಬಳ್ಳಿ ಕೊಯ್ಯೋವಾಗ ನಾನೂ ಹೀಗೇ ಕೂತುಬಿಟ್ಟಿದ್ದೆ ಕಣೇ. ಊರವರ ಮಕ್ಕಳಿಗೆ ಹಾಗಾಗಲಿಲ್ಲ, ನಿನ್ನ ಮಗಳಿಗೆ ಆಯ್ತು. ಬಿಡಿಸದಿದ್ದರೆ ಇಬ್ಬರೂ ಉಳಿಯಲ್ಲ. ತಿರುಗಿಸು, ಮೆಲ್ಲಗೆ."

ದೇವೀರಿ ಕಣ್ಣು ಮುಚ್ಚಿ ತಿರುಗಿಸಿದಳು. ಜುಟ್ಟು ಕೈಗೆ ಬಂತು.

ಅವಳಿಗೆ ಅವಸರ. ಆಗಲೇ ಅದನ್ನು ಮಡಕೆಯ ಮಣ್ಣಿಗೆ ಊರಿದಳು, ಲೋಟದ ಮೇಲೆ ಲೋಟ ನೀರು ಸುರಿದಳು. ಬೇಗ ಬೆಳೆಯಲಿ ಅಂತ ಮತ್ತೆ ಸುರಿದಳು. ಕೆಲವು ದಿನ ಕಳೆಯುವುದರೊಳಗೆ ಎಲೆಗಳು ವಾಲಿದವು. ಮಡಕೆಯಿಂದ ಹುಳಿ ಹುಳಿ ವಾಸನೆ ಬಂತು. ಸಿದ್ದವ್ವ ಜುಟ್ಟನ್ನು ಎತ್ತಿ ನೋಡಿದರೆ ಬುಡ ಕಪ್ಪಾಗಿ ಕೊಳೆಯುತ್ತಿತ್ತು.

ದೇವೀರಿಯ ಮುಖ ಬಿಳಿಚಿಹೋಯಿತು. "ನಾನೇ ಕೊಂದೆ ಅವ್ವಾ! ನನ್ನ ಕೈಲಿ ಆಗಲ್ಲ ಅಂತ ಅವತ್ತೇ ಹೇಳಿದ್ದೆ."

"ಸುಮ್ಮನಿರೇ," ಅಂದಳು ಸಿದ್ದವ್ವ. "ಹಸಿ ಗಾಯಕ್ಕೆ ಯಾರಾದರೂ ನೀರು ಹಾಕ್ತಾರಾ? ನಿನ್ನ ಮಗಳ ಹೊಕ್ಕಳು ಒಣಗಿ ಬೀಳೋ ತನಕ ನಾನು ಅದಕ್ಕೆ ನೀರು ಸೋಕಿಸಿದ್ನಾ? ಮೊದಲು ಒಣಗಬೇಕು. ಆಮೇಲೆ ಮಣ್ಣು." ಅಂದವಳೇ ಕೊಳೆತದ್ದನ್ನು ಕೆತ್ತಿ ತೆಗೆದಳು. ಬುಡದ ಪುಟಾಣಿ ಎಲೆಗಳನ್ನು ಒಂದೊಂದಾಗಿ ಸುಲಿದಳು. ಒಳಗೆ ಬೆಳ್ಳಗಿನ ಗಟ್ಟಿ ಬುಡ ಇನ್ನೂ ಉಳಿದಿತ್ತು. "ಜೀವ ಇದೆ. ಆದರೆ ಗಾಳಿಯಾಡದ ಈ ಕೋಣೆಯಲ್ಲಿ ಇದು ಒಣಗೋದು ಹೇಗೆ?"

ದೇವೀರಿ ಎದ್ದು ನಿಂತಳು. ಮಗುವನ್ನು ಅವ್ವನ ಕೈಗೆ ಕೊಟ್ಟಳು. ಜುಟ್ಟನ್ನು ಅಂಗೈಯಲ್ಲಿ ಇಟ್ಟುಕೊಂಡಳು. ಮುಚ್ಚಿದ್ದ ಬಾಗಿಲನ್ನು ತಾನೇ ತೆಗೆದು ಜಗಲಿಗೆ ಬಂದಳು.

"ಗಾಳೀ," ಅಂತ ಕರೆದಳು.

ಗಾಳಿ ಸೂರಿನಿಂದ ಧುಮುಕಿ ಓಡಿ ಬಂತು. ಆದರೆ ಹತ್ತಿರ ಬಂದು ನಿಂತುಬಿಟ್ಟಿತು. "ನಾನು ಸೋಕಬಹುದಾ?"

"ಸೋಕು. ಮೆಲ್ಲಗೆ," ಅಂದಳು ದೇವೀರಿ. ಒಳಗಿನಿಂದ ಸಿದ್ದವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ತಲೆಬಟ್ಟೆಯನ್ನು ಮಾತ್ರ ಬಿಗಿಯಾಗಿ ಕಟ್ಟಿಕೋ ಅಂತ ಸನ್ನೆ ಮಾಡಿದಳು.

ಗಾಳಿ ತಾನು ಬಿರುಗಾಳಿ ಅನ್ನುವುದನ್ನೇ ಮರೆತು, ಬಿಸಿ ಹಾಲು ಆರಿಸುವ ತಾಯಿಯ ಹಾಗೆ ಉಫ್ ಉಫ್ ಅಂತ ಊದಿತು. ಗಾಯ ಆರುವ ತನಕ, ಬುಡ ಒಣಗಿ ಗಟ್ಟಿಯಾಗುವ ತನಕ ದಿನವೂ ಬಂದು ಊದಿತು. ಆಮೇಲೆ ದೇವೀರಿ ಅದೇ ಮಡಕೆಗೆ ಹೊಸ ಮರಳುಮಣ್ಣು ತುಂಬಿ, ಜುಟ್ಟನ್ನು ನೆಟ್ಟು, ಒಂದೇ ಗುಟುಕು ನೀರು ಕೊಟ್ಟಳು.

ಆಮೇಲೆ ಕಾಯುವ ಕೆಲಸ. ಅಬ್ಬಾ, ಅದು ಎಲ್ಲಕ್ಕಿಂತ ಕಷ್ಟ! ಎಲೆಗಳು ಬೆಳೆಯಲೂ ಇಲ್ಲ, ಬಾಡಲೂ ಇಲ್ಲ. ನಿದ್ದೆ ಮಾಡುತ್ತಿರುವ ಹಾಗೆ ಇದ್ದವು. "ಒಂದು ಸಲ ಕಿತ್ತು ನೋಡಲಾ ಅವ್ವ?" ಅನ್ನುವಳು ದೇವೀರಿ. "ಕಿತ್ತು ನೋಡಿದರೆ ಬೇರು ಬಿಡುತ್ತಾ?" ಅನ್ನುವಳು ಸಿದ್ದವ್ವ. ದೇವೀರಿ ಮತ್ತೆ ಕಾಯುವಳು.

ಒಂದು ಬೆಳಿಗ್ಗೆ ಮಗುವಿಗೆ ಹಾಲು ಕುಡಿಸುತ್ತ, ಇನ್ನೊಂದು ಕೈಯ ಎರಡು ಬೆರಳಿನಲ್ಲಿ ದೇವೀರಿ ಜುಟ್ಟಿನ ಒಂದು ಎಲೆಯನ್ನು ಹಿಡಿದು ಇಷ್ಟೇ ಇಷ್ಟು ಎಳೆದಳು. ಜುಟ್ಟು ಬರಲಿಲ್ಲ. ಒಳಗಿನಿಂದ ಯಾರೋ ಹಿಡಿದುಕೊಂಡಿದ್ದರು.

"ಅವ್ವಾ! ಹಿಡಿದುಕೊಂಡಿದೆ! ಮಣ್ಣನ್ನ ಹಿಡಿದುಕೊಂಡಿದೆ!"

ಸಿದ್ದವ್ವ ಒಲೆ ಮುಂದಿನಿಂದ ಎದ್ದು ಬಂದಳು. ಗಾಳಿ ಕಿಟಕಿಗೆ ಬಂತು. ಬಿಸಿಲು ಬಂತು. ನೆಲ ಬೆಚ್ಚಗಾಯಿತು. ಜುಟ್ಟಿನ ನಡುವಿನಿಂದ ಒಂದು ಹೊಸ ಎಲೆ, ಮುಚ್ಚಿದ ಕೊಡೆಯ ಹಾಗೆ ಸುರುಳಿ ಸುತ್ತಿಕೊಂಡು, ಆಗಷ್ಟೇ ತಲೆಯೆತ್ತಿತ್ತು. ಅಜ್ಜಿ ಒಣಗಿಹೋಗಿದ್ದ ಜಾಗದಲ್ಲೇ ಮೊಮ್ಮಗಳು ನಿಂತಿದ್ದಳು.

ಗಾಳಿಗೆ ಸುದ್ದಿ ಹೊಟ್ಟೆಯಲ್ಲಿ ನಿಲ್ಲುತ್ತದೆಯೇ? ಹೊಳೆ ದಾಟಿ ಓಡಿ ಆಚೆ ದಡದ ಅಕ್ಕನಿಗೆ ಎಲ್ಲವನ್ನೂ ಹೇಳಿತು. ಅಕ್ಕ ತಂಗಿಯನ್ನು ನೆನೆದು ಅತ್ತಳು. ಅತ್ತು, ತನ್ನ ಸಿಹಿ ಹಣ್ಣಿನ ಬೋಳು ತಲೆಯನ್ನು ತಾನೂ ಎಲೆಯಿಂದ ಸವರಿದಳು. "ಇನ್ನು ಇದು ಹೀಗೇ ಇರಲಿ," ಅಂದಳು ಭೂಮಿತಾಯಿ.

ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟಾಗ ದೇವೀರಿ ಒಂದು ಕಂಕುಳಲ್ಲಿ ಮಗು, ಇನ್ನೊಂದು ಕಂಕುಳಲ್ಲಿ ಮಡಕೆ ಇಟ್ಟುಕೊಂಡು ದೋಣಿ ಹತ್ತಿದಳು. ಕೆಲವು ಮಳೆಗಾಲ ಕಳೆದ ಮೇಲೆ ಆ ಗಿಡವೂ ಒಂದೇ ಒಂದು ಕೆಂಪು ಹಣ್ಣು ಬಿಟ್ಟಿತು, ಜುಟ್ಟಿನ ಸಮೇತ. ಆ ಜುಟ್ಟು ಪಕ್ಕದ ಮನೆಗೆ ಹೋಯಿತು. ಅಲ್ಲಿಂದ ಅದರಾಚೆಯ ಮನೆಗೆ, ಅಲ್ಲಿಂದ ಇನ್ನೊಂದು ಊರಿಗೆ.

ಅದಕ್ಕೇ ನೋಡು, ಇವತ್ತಿಗೂ ಅನಾನಸಿನ ಗಿಡ ಹಣ್ಣು ಮಾಗಿಸಿದ ಮೇಲೆ ತಾನು ಮೆಲ್ಲಗೆ ಒಣಗುತ್ತದೆ, ಹಣ್ಣು ಮಾತ್ರ ತಲೆಯ ಮೇಲೆ ಹಸಿರು ಜುಟ್ಟು ಹೊತ್ತು ನಿಂತಿರುತ್ತದೆ. ಆ ಜುಟ್ಟನ್ನು ತಿರುಗಿಸಿ ತೆಗೆದು, ಗಾಯ ಒಣಗಿಸಿ, ಕಿಟಕಿ ಪಕ್ಕದ ಕುಂಡದಲ್ಲಿ ನೆಟ್ಟು ನೀನು ಸುಮ್ಮನೆ ಕಾದರೆ, ಅದು ನಮ್ಮ ಮನೆಯ ಸೂರಿನ ಕೆಳಗೂ ಬೇರು ಬಿಟ್ಟು ಬದುಕಿಕೊಳ್ಳುತ್ತದೆ.